ಪದ್ಯದ ಸುಖ ಯಾರಪ್ಪನ ಸ್ವತ್ತು?

"ಈ ಪದ್ಯಗಳು ತೀರಾ ಸುಲಭವಾದವು. ಒಂದೇ ಓದಿಗೆ ಎಲ್ಲಾ ಗೊತ್ತಾಗಿಬಿಡುತ್ತದೆ."

ವಿಚಾರ ಸಂಕಿರಣವೊಂದರಲ್ಲಿ ವಿದ್ವಾಂಸರೊಬ್ಬರು ಹೀಗೆಂದರು. ನಮ್ಮವರೊಬ್ಬರ ಕವನ ಸಂಕಲನವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು, ಮೈಲಿಗೆ ಬಟ್ಟೆ ಹಿಡಿದ ಹಾಗೆ. ಮುಂದಿನ ಸಾಲಿನವರು ತಲೆದೂಗಿದರು. ಹಿಂದಿನ ಸಾಲಿನಲ್ಲಿದ್ದ ನಾವು ನಾಲ್ಕೈದು ಜನ ಮುಖ ಮುಖ ನೋಡಿಕೊಂಡೆವು. ಅರ್ಥವಾಗುವುದು ಯಾವತ್ತಿನಿಂದ ಅಪರಾಧವಾಯಿತು? ಅವತ್ತು ಎದ್ದು ನಿಂತು ಕೇಳಲಿಲ್ಲ. ಊಟದ ಟೋಕನ್ನು ಕೈಲಿತ್ತು, ಬಾಯಿ ಕಟ್ಟಿಹೋಗಿತ್ತು. ಇವತ್ತು ಕೇಳುತ್ತಿದ್ದೇವೆ.

ಮೊದಲು ನಾವು ಪದ್ಯ ಓದುವ ಬಗೆ ಹೇಳಬೇಕು. ನಮಗೆ ಓದುವ ಕೋಣೆ ಇಲ್ಲ, ಮೇಜು ಕುರ್ಚಿ ಇಲ್ಲ. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ಬಸ್ಸೇ ನಮ್ಮ ಲೈಬ್ರರಿ. ಕಪಿಲೆ ತನ್ನ ಪಾಡಿಗೆ ತಾನು ಕಾವೇರಿ ಸೇರಲು ಹೋಗುತ್ತಿರುತ್ತಾಳೆ, ನಾವು ನಮ್ಮ ಪಾಡಿಗೆ ಹೋಗುತ್ತಿರುತ್ತೇವೆ. ತೆಳ್ಳನೆಯ ಪುಸ್ತಕ ಒಬ್ಬನ ಕೈಯಲ್ಲಿ. ಇಬ್ಬರು ಅವನ ಹೆಗಲ ಮೇಲಿಂದ ಬಗ್ಗಿ ಓದುವುದು. ಪುಟ ತಿರುವುವ ಮುಂಚೆ "ಆಯ್ತೇನ್ಲಾ?" ಎಂದು ಕೇಳಬೇಕು. ಒಬ್ಬ "ತಡೀಲಾ, ಇನ್ನೊಂದ್ಸಲ" ಅಂದರೆ ಉಳಿದವರು ಕಾಯಬೇಕು. ಆ ಕಾಯುವುದರಲ್ಲೇ ಒಂದು ಸುಖ ಇದೆ ಬಂಧುಗಳೇ. ಅದನ್ನು ಯಾವ ಕಾವ್ಯಮೀಮಾಂಸೆಯೂ ನಮಗೆ ಹೇಳಿಕೊಡಲಿಲ್ಲ.

ಹಾಗೆ ಓದಿದ ಪುಸ್ತಕಗಳಲ್ಲಿ ಒಂದು ಮೂಡ್ನಾಕೂಡು ಚಿನ್ನಸ್ವಾಮಿಯವರ 'ನಾನೊಂದು ಮರವಾಗಿದ್ದರೆ'. ಕವಿ 1954ರಲ್ಲಿ ಚಾಮರಾಜನಗರದ ಸೀಮೆಯ ಮೂಡ್ನಾಕೂಡಿನಲ್ಲಿ ಹುಟ್ಟಿದವರು. ಆಗ ಅದೂ ಮೈಸೂರು ಜಿಲ್ಲೆಯೇ. ಅಂದರೆ ನಮ್ಮ ಮಗ್ಗುಲಿನವರು. ಆ ಹೆಸರಿನ ಪದ್ಯದಲ್ಲಿ ಇರುವುದು ಒಂದೇ ಒಂದು 'ರೆ'. ನಾನು ಮರವಾಗಿದ್ದರೆ ಗೂಡು ಕಟ್ಟುವ ಹಕ್ಕಿ ನನ್ನ ಜಾತಿ ಕೇಳುತ್ತಿರಲಿಲ್ಲ, ಮಳೆಹನಿ ಹಿಂದಕ್ಕೆ ಸರಿಯುತ್ತಿರಲಿಲ್ಲ, ಹಸು ಬಂದು ಮೈ ಉಜ್ಜಿಕೊಂಡು ಹೋಗುತ್ತಿತ್ತು. ಇಷ್ಟೇ. ಅಡಿಟಿಪ್ಪಣಿ ಬೇಡ, ಗ್ರೀಕ್ ಪುರಾಣ ಬೇಡ. ಆದರೆ ಓದಿ ಮುಗಿಸಿದ ಮೇಲೆ ಬಸ್ಸಿನ ಕಿಟಕಿಯಾಚೆಗಿನ ಪ್ರತಿಯೊಂದು ಹುಣಸೆಮರವೂ ಬೇರೆಯಾಗಿ ಕಂಡಿತು.

ಇದೇ ಪದ್ಯವನ್ನು ಒಂದು ಸಂಜೆ ಅವ್ವನಿಗೆ ಓದಿದೆವು. ನಾಟಿ ಮುಗಿಸಿ ಬಂದು ಜಗಲಿ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದದ ಬೆರಳ ಸಂದಿಯಲ್ಲಿ ಕೆಸರು ಇನ್ನೂ ಒಣಗಿರಲಿಲ್ಲ. ಓದಿ ಮುಗಿಸಿದಾಗ ನಕ್ಕಳು. "ಮರ ಆಗ್ಬುಟ್ರ ನಾಟಿಗ ಯಾರ್ಲಾ ಹೋಗಾರು?" ಅಂದಳು. ಆಮೇಲೆ ಸುಮ್ಮನಾದಳು. ಎಲೆ ಅಡಿಕೆ ಹಾಕಿಕೊಂಡಳು. ಬಹಳ ಹೊತ್ತಾದ ಮೇಲೆ, "ಇನ್ನೊಂದ್ ಸಲ ಓದು ಮೊಗಾ" ಅಂದಳು.

ಹೇಳಿ ವಿಮರ್ಶಕರೇ, ಈ 'ಇನ್ನೊಂದ್ ಸಲ'ಕ್ಕೆ ನಿಮ್ಮ ತಕ್ಕಡಿಯಲ್ಲಿ ಎಷ್ಟು ತೂಕ? ಒಂದೇ ಓದಿಗೆ ಗೊತ್ತಾಗುವ ಪದ್ಯವನ್ನು ಅಕ್ಷರ ಬಾರದ ಹೆಂಗಸು ಎರಡನೇ ಸಲ ಯಾಕೆ ಕೇಳಿದಳು? ಗೊತ್ತಾಗದೇ ಹೋದದ್ದಕ್ಕಲ್ಲ. ಗೊತ್ತಾದದ್ದಕ್ಕೆ. ಗೊತ್ತಾದ ಮೇಲೇ ಪದ್ಯ ಶುರುವಾಗುವುದು. ನೀವು ಎಲ್ಲಿ ಮುಗಿಯಿತು ಅನ್ನುತ್ತೀರೋ ನಾವು ಅಲ್ಲಿಂದ ಹೊರಡುತ್ತೇವೆ.

ಸುಖಕ್ಕೂ ಒಂದು ಚರಿತ್ರೆ ಇದೆ. ಬೇಕೆಂದೇ ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ಸೀಸವನ್ನೋ ಅರಗನ್ನೋ ತುಂಬಬೇಕು, ಬಾಯಲ್ಲಿ ಹೇಳಿದರೆ ನಾಲಗೆ ಕತ್ತರಿಸಬೇಕು ಎಂದು ಗೌತಮ ಧರ್ಮಸೂತ್ರ ವಿಧಿಸಿತು. ಶೂದ್ರನಿಗೇ ಈ ಗತಿಯಾದರೆ ಊರಾಚೆ ಕೇರಿಯವರ ಲೆಕ್ಕ ಯಾರು ಇಟ್ಟರು? ಕೇಳುವ ಸುಖವನ್ನೇ ಕಾನೂನು ಮಾಡಿ ಕಿತ್ತುಕೊಂಡ ದೇಶ ಇದು. ಇವತ್ತು ಸೀಸ ಕಾಯಿಸುವವರಿಲ್ಲ. ಅದರ ಬದಲು 'ಕ್ಲಿಷ್ಟತೆ', 'ಸಂಕೀರ್ಣತೆ', 'ಧ್ವನಿಶಕ್ತಿ' ಎಂಬ ಮಾತುಗಳನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿದ್ದಾರೆ. ಧ್ವನಿಶಕ್ತಿಯ ಮೇಲೆ ನಮಗೆ ಸಿಟ್ಟಿಲ್ಲ. ಅದನ್ನು ಬಾಗಿಲಿನ ಚಿಲಕ ಮಾಡಿಕೊಂಡವರ ಮೇಲೆ ಸಿಟ್ಟು.

ನಾವು ಇಸ್ಕೂಲಿನಲ್ಲಿ ಪದ್ಯವನ್ನು ಭೇಟಿಯಾದದ್ದು ಹೇಗೆ? ಬಾಯಿಪಾಠ, ತಪ್ಪಿದರೆ ಬೆತ್ತ. 'ಭಾವಾರ್ಥ ಬರೆಯಿರಿ, ನಾಲ್ಕು ಅಂಕ.' ಭಾವ ನಮ್ಮದಲ್ಲ, ಅರ್ಥ ಗೈಡಿನದು, ಅಂಕ ಮೇಷ್ಟರದು. ಹತ್ತು ವರ್ಷ ಪದ್ಯ ಓದಿದ ಮೇಲೂ ಪದ್ಯದಲ್ಲಿ ಸುಖ ಇದೆ ಅಂತ ನಮಗೆ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಹಿರಿಯ ಹುಡುಗನೊಬ್ಬ ರಾತ್ರಿ ಮುದ್ದೆ ಉಂಡು ಕೈ ತೊಳೆದು ಬಂದು, ಸಿದ್ಧಲಿಂಗಯ್ಯನವರ ಹಾಡೊಂದನ್ನು ತಟ್ಟೆ ಬಡಿದುಕೊಂಡು ಹಾಡಿದ. ಇಡೀ ಸಾಲುಕೋಣೆ ಎದ್ದು ಕೂತಿತು. ಆವತ್ತು ಗೊತ್ತಾಯಿತು, ನಮ್ಮಿಂದ ಏನನ್ನು ಮುಚ್ಚಿಟ್ಟಿದ್ದರು ಅಂತ.

1973ರಲ್ಲಿ ಇದೇ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಆ ಒಂದು ಮಾತಿಗೆ ಗಲಭೆಯೆದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರ ಮಂತ್ರಿಗಿರಿಯೂ ಹೋಯಿತು. ಬೂಸಾ ತಿಂದು ದನದ ಹೊಟ್ಟೆಯಾದರೂ ತುಂಬುತ್ತದೆ. ಆ ಸಾಹಿತ್ಯದಿಂದ ನಮ್ಮ ಹೊಟ್ಟೆಯೂ ತುಂಬಲಿಲ್ಲ, ಕಿವಿಯೂ ತುಂಬಲಿಲ್ಲ. ಎರಡೇ ವರ್ಷಕ್ಕೆ, 1975ರಲ್ಲಿ, 'ಹೊಲೆಮಾದಿಗರ ಹಾಡು' ಬಂತು. ಬರೆದವರಿಗೆ ಇಪ್ಪತ್ತೊಂದರ ಆಸುಪಾಸು. ಮಾಗಡಿ ಸೀಮೆಯ ಮಂಚನಬೆಲೆಯ ಹುಡುಗ. ಅದನ್ನು ಓದಿದವರಿಗಿಂತ ಹಾಡಿದವರು ಹೆಚ್ಚು. ಪುಸ್ತಕವನ್ನು ಕಣ್ಣಲ್ಲಿ ನೋಡದವರೂ ಅದರ ಪದಗಳನ್ನು ಮೆರವಣಿಗೆಯಲ್ಲಿ ಬಾಯಿಗೆ ತಂದುಕೊಂಡರು. ಸುಲಭ ಅಂತ ಹೀಗಳೆಯುವವರು ಲೆಕ್ಕ ಕೊಡಲಿ: ನಿಮ್ಮ ಕಷ್ಟದ ಪದ್ಯ ಎಷ್ಟು ಬಾಯಿಗಳಲ್ಲಿ ಬದುಕಿದೆ?

ಸುಲಭ ಎಂಬುದು ಹೊಸ ರೋಗವೇನಲ್ಲ. ಹನ್ನೆರಡನೇ ಶತಮಾನದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಕಾಳವ್ವೆ ಆಡುವ ಮಾತಿನಲ್ಲೇ ವಚನ ಕಟ್ಟಿದರು. ನಮ್ಮ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲಾ ಮಂಟೇಸ್ವಾಮಿಯ ಕತೆ ಹಾಡುತ್ತಾರೆ. ಗೈಡು ಕೊಡಿ ಅಂತ ಅಲ್ಲಿ ಕೇಳಿದವರನ್ನು ನಾವು ಕಾಣೆವು. ಬೆಳಗಿನ ಜಾವ ಮಕ್ಕಳು ನಿದ್ದೆ ಹೋಗಿರುತ್ತಾರೆ, ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿರುತ್ತಾರೆ.

ಅಷ್ಟಕ್ಕೂ ಯಾವುದು ಸುಲಭ, ಯಾವುದು ಕಷ್ಟ? ಯಾರಿಗೆ ಸುಲಭ, ಯಾರಿಗೆ ಕಷ್ಟ? ದೇವನೂರು ನಂಜನಗೂಡು ತಾಲ್ಲೂಕಿನದೇ ಊರು. ಆ ಊರಿನ ಮಹಾದೇವ ನಮ್ಮ ಕೇರಿಯ ನುಡಿಯನ್ನೇ ಎತ್ತಿಕೊಂಡು 'ಕುಸುಮಬಾಲೆ' ಬರೆದರು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೂ ಪಟ್ಟಣದ ಓದುಗರು ಅರ್ಥವಾಗುವುದಿಲ್ಲ ಅಂತ ಗೊಣಗಿದರು. ನಮ್ಮ ಅವ್ವಂದಿರಿಗೆ ಗಟ್ಟಿಯಾಗಿ ಓದಿ ನೋಡಿ, ಎಲ್ಲಿ ನಗಬೇಕೋ ಅಲ್ಲಿ ನಗುತ್ತಾರೆ. ಅಂದರೆ ಕಷ್ಟ ಎನ್ನುವುದು ಪುಸ್ತಕದಲ್ಲಷ್ಟೇ ಇರುವುದಿಲ್ಲ, ನೀವು ಎಲ್ಲಿ ಹುಟ್ಟಿದಿರಿ ಎಂಬುದರಲ್ಲೂ ಇರುತ್ತದೆ. ನಿಮಗೆ ಕಷ್ಟವಾದದ್ದು ಆಳ, ನಮಗೆ ಸುಲಭವಾದದ್ದು ತೆಳು. ಈ ಅಳತೆಗೋಲು ಕೊಟ್ಟವರು ಯಾರು?

ಇನ್ನು 'ವೈಯಕ್ತಿಕ' ಎಂಬ ಬೈಗುಳ. ನವ್ಯದ ಕವಿ 'ನಾನು' ಎಂದರೆ ಅದು ಆಧುನಿಕ ಮನುಷ್ಯನ ಅನಾಥಪ್ರಜ್ಞೆ. ನಮ್ಮವನು 'ನಾನು' ಎಂದರೆ ಅದು ಗೋಳು, ಆತ್ಮಮರುಕ. ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಿ ನೋಡಿ. ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮ ವಿಗ್ರಹಗಳ ಕೆಳಗೆ ತನ್ನ ಹೆಸರು ಕೆತ್ತಿದ್ದಾನೆ. ಒಳ್ಳೆಯದು, ಕೆತ್ತಿದವನ ಹೆಸರು ಇರಬೇಕು. ಆದರೆ ಆ ಕಲ್ಲನ್ನು ಹೊತ್ತು ತಂದವರ ಹೆಸರೆಲ್ಲಿ? ನಮ್ಮ ಕವನ ಸಂಕಲನದ 'ನಾನು' ಅಂದರೆ ಆ ಕಲ್ಲು ಹೊತ್ತವನ ಹೆಸರು. ನೂರಾರು ವರ್ಷ ತಡವಾಗಿ ಬರೆಯಿಸಿಕೊಳ್ಳುತ್ತಿರುವ ಹೆಸರು. ಅವನು ತನ್ನ ಅವ್ವನ ಕಾಲಿನ ಬಿರುಕು, ತಾನು ಮೊದಲು ಹಾಕಿದ ಚಪ್ಪಲಿ, ತನಗೆ ಪ್ರತ್ಯೇಕ ಇಟ್ಟ ಲೋಟ, ತನ್ನನ್ನು ನೋಡಿ ನಕ್ಕ ಹುಡುಗಿ ಇವನ್ನೆಲ್ಲ ಹೆಸರು ಹಿಡಿದು ಹೇಳಿದಾಗ ಓದುವ ನಾವು 'ಇದು ನಂದೂ ಹೌದಲ್ಲ' ಅನ್ನುತ್ತೇವೆ. ಆ ಕ್ಷಣದಲ್ಲಿ ಅವನ 'ನಾನು' ನಮ್ಮ 'ನಾವು' ಆಗುತ್ತದೆ. ಒಂಟಿ ಅಲ್ಲ ಅಂತ ತಿಳಿಯುವ ಸುಖಕ್ಕಿಂತ ದೊಡ್ಡ ಸುಖ ಯಾವುದಿದೆ?

ಇಷ್ಟು ಹೊತ್ತು ಎದುರಿಗಿದ್ದವರ ಜೊತೆ ಜಗಳವಾಯಿತು. ಇನ್ನು ನಮ್ಮವರ ಜೊತೆಗೆ.

ನಮ್ಮ ಗೆಳೆಯರಲ್ಲೇ ಕೆಲವರಿದ್ದಾರೆ. ಪದ್ಯ ಓದಿ ಸುಖಪಡುವುದು ಮಧ್ಯಮವರ್ಗದ ಚಟ ಅನ್ನುತ್ತಾರೆ. "ಬದನವಾಳಿನ ಮಣ್ಣಲ್ಲಿ ನಿಂತು ಸುಖದ ಮಾತಾಡ್ತೀರಾ?" ಅಂತ ಕೇಳುತ್ತಾರೆ. ಹೌದು, 1993ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ, ದೇವಸ್ಥಾನದ ವಿವಾದ ಬೆಳೆದು ಮೂವರು ದಲಿತರನ್ನು ಕೊಂದರು. ಆಗ ನಾವು ಹುಟ್ಟಿರಲಿಲ್ಲ. ಆದರೂ ಆ ರಸ್ತೆಯಲ್ಲಿ ಹೋಗುವಾಗ ನಮ್ಮ ಮಾತು ಇವತ್ತಿಗೂ ನಿಲ್ಲುತ್ತದೆ. ಆ ಮೂವರ ಮೇಲೆ ಪದ್ಯ ಬರೆಯಬೇಕು, ಬರೆಯುತ್ತಲೇ ಇರಬೇಕು. ಆದರೆ ಗೆಳೆಯರೇ, ಸತ್ತವರು ಬರೀ ಸತ್ತವರಾಗಿದ್ದರೆ? ಅವರಿಗೂ ಇಷ್ಟದ ಹಾಡು, ಇಷ್ಟದ ಸಾರು, ಮನೆಯಲ್ಲೊಂದು ತಮಾಷೆ ಇದ್ದಿರಲೇಬೇಕಲ್ಲ? ಕೊಂದವರಿಗೆ ನಾವು ಬರೀ ಜಾತಿ. ಪತ್ರಿಕೆಗೆ ನಾವು ಬರೀ ಸಂಖ್ಯೆ. ನಮ್ಮ ಪದ್ಯದಲ್ಲೂ ನಾವು ಬರೀ ಗಾಯವಾದರೆ, ಮನುಷ್ಯರಾಗುವುದು ಎಲ್ಲಿ?

'ಹೊಲೆಮಾದಿಗರ ಹಾಡು' ಬರೆದ ಅದೇ ಸಿದ್ಧಲಿಂಗಯ್ಯನವರು ಪುಟ್ಟಣ್ಣ ಕಣಗಾಲರ 1983ರ 'ಧರಣಿ ಮಂಡಲ ಮಧ್ಯದೊಳಗೆ' ಚಿತ್ರಕ್ಕೆ ಪ್ರೇಮಗೀತೆ ಬರೆದರು. ಒಂದೇ ಕೈ. ಮುಷ್ಟಿ ಕಟ್ಟಿದ್ದೂ ಅದೇ, ಗೆಳತಿಯ ಕೈ ಹಿಡಿಯಲು ಚಾಚಿದ್ದೂ ಅದೇ. 2021ರ ಜೂನಿನಲ್ಲಿ ಕೊರೋನಾ ಅವರನ್ನು ಕೊಂಡೊಯ್ದ ದಿನ ನಮ್ಮ ಹುಡುಗರು ಮೊಬೈಲಿನಲ್ಲಿ ಎರಡೂ ಬಗೆಯ ಹಾಡು ಹಾಕಿಕೊಂಡು ಅತ್ತರು. ಬಾಬಾಸಾಹೇಬರಂಥ ಬಾಬಾಸಾಹೇಬರೇ ಪುಸ್ತಕ ಇಡುವುದಕ್ಕೆಂದು ಮನೆ ಕಟ್ಟಿಸಿಕೊಂಡವರು, ತಲೆ ನರೆತ ಮೇಲೆ ಪಿಟೀಲು ಕಲಿಯಲು ಕೂತವರು. ಅವರಿಗಿಂತ ದೊಡ್ಡ ಹೋರಾಟಗಾರರೇನು ನೀವು?

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾವೂ ಬರೆದೆವು. ಕೆಂಡ, ಬೆಂಕಿ, ಜ್ವಾಲಾಮುಖಿ, ರಕ್ತ, ಸೂರ್ಯ ಇಷ್ಟನ್ನು ಒಂದು ಪುಟದಲ್ಲಿ ಕಲಸಿ ವೇದಿಕೆಯಲ್ಲಿ ಕಿರುಚಿದೆವು. ಚಪ್ಪಾಳೆಯೂ ಬಿತ್ತು. ಮನೆಗೆ ಬಂದು ಅವ್ವನಿಗೆ ಓದಿದೆವು. ಪೂರ್ತಿ ಕೇಳಿ, "ಇದು ಯಾರ ಕತ ಮೊಗಾ?" ಅಂದಳು. ಅಷ್ಟೇ. ಆ ಒಂದು ಪ್ರಶ್ನೆ ಎಲ್ಲಾ ವಿಮರ್ಶೆಗಿಂತ ಕಠೋರವಾಗಿತ್ತು. ಬೆಂಕಿ ಇತ್ತು, ಒಲೆ ಇರಲಿಲ್ಲ. ರಕ್ತ ಇತ್ತು, ಯಾರ ಮೈಯೂ ಇರಲಿಲ್ಲ. ಘೋಷಣೆ ಸುಲಭವಾಗಿ ಕಂಡರೂ ಅದು ಸೋಮಾರಿತನದ ಸುಲಭ. ನಾವು ಬೇಡುತ್ತಿರುವುದು ಅದನ್ನಲ್ಲ. ಹಕ್ಕಿ, ಮಳೆ, ಹಸು ಎಂಬ ಮೂರು ಕಂಡ ವಸ್ತುಗಳಿಂದ ಇಡೀ ಜಾತಿವ್ಯವಸ್ಥೆಯನ್ನು ಬೆತ್ತಲೆ ನಿಲ್ಲಿಸುವ ಸುಲಭ ಇದೆಯಲ್ಲ, ಅದು ಬೆವರು ಬಸಿದು ಸಿಕ್ಕುವ ಸುಲಭ. ಗದ್ದೆಯನ್ನು ಹದ ಮಾಡಿದವನಿಗೆ ಗೊತ್ತು, ನೀರು ಸಲೀಸಾಗಿ ಹರಿಯಬೇಕಾದರೆ ಎಷ್ಟು ಸಲ ಮಟ್ಟ ಹೊಡೆಯಬೇಕು ಅಂತ.

ಆದ್ದರಿಂದ ನಮ್ಮ ಮಾತು ಇಷ್ಟು. ಹಳ್ಳಿಯ ಮೇಷ್ಟ್ರುಗಳೇ, ಶನಿವಾರದ ಬೆಳಗಿನ ತರಗತಿಯಲ್ಲಿ ಒಂದು ಪದ್ಯ ಓದಿ. ಭಾವಾರ್ಥ ಕೇಳಬೇಡಿ, ಅಂಕ ಕೊಡಬೇಡಿ. ಮಕ್ಕಳು ಇನ್ನೊಂದು ಸಲ ಅಂದರೆ ಇನ್ನೊಂದು ಸಲ ಓದಿ. ಪಂಚಾಯ್ತಿ ಲೈಬ್ರರಿಗೆ ಈಗ 'ಅರಿವು ಕೇಂದ್ರ' ಅಂತ ಹೆಸರು. ಹೆಸರು ಚೆನ್ನಾಗಿದೆ, ಕಪಾಟು ನೋಡಿ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕ ನಮ್ಮ ಕವಿಗಳ ಹತ್ತು ಸಂಕಲನ ಇಡಿ ಅಂತ ಅರ್ಜಿ ಕೊಡಿ. ವಿದ್ಯಾರ್ಥಿ ಗೆಳೆಯರೇ, ಏಪ್ರಿಲ್ 14ರ ವೇದಿಕೆಯಲ್ಲಿ ಹಾರ ತುರಾಯಿ ಎರಡು ಕಡಿಮೆ ಮಾಡಿ ಎರಡು ಪದ್ಯ ಓದಿಸಿ. ಬರೆಯುವ ಗೆಳೆಯರೇ, ಅಚ್ಚಿಗೆ ಕಳಿಸುವ ಮುಂಚೆ ಮನೆಯಲ್ಲಿ ಗಟ್ಟಿಯಾಗಿ ಓದಿ. ಅವ್ವ ಇದು ಯಾರ ಕತೆ ಅಂತ ಕೇಳಿದರೆ ಹರಿದು ಹಾಕಿ, ಮತ್ತೆ ಬರೆಯಿರಿ.

ನರಸೀಪುರದ ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅನ್ನುತ್ತಾರೆ ಭಕ್ತರು. ದೇವರ ತೂಕ ನಮಗೆ ಬೇಕಿಲ್ಲ. ಆದರೆ ಆ ಲೆಕ್ಕ ನಮಗೆ ಇಷ್ಟ. ದೊಡ್ಡ ದೊಡ್ಡ ಮಹಾಕಾವ್ಯಗಳನ್ನೆಲ್ಲ ತಕ್ಕಡಿಯ ಒಂದು ತಟ್ಟೆಗೆ ಹಾಕಿ. ಇನ್ನೊಂದಕ್ಕೆ ಕೆಸರುಗಾಲಿನ ಹೆಂಗಸು ಜಗಲಿಯ ಮೇಲೆ ಕೂತು "ಇನ್ನೊಂದ್ ಸಲ ಓದು ಮೊಗಾ" ಎಂದ ಆ ತೆಳ್ಳನೆಯ ಪುಸ್ತಕ ಇಡಿ.

ಒಂದು ಗುಲಗಂಜಿ ಹೆಚ್ಚೇ ತೂಗುತ್ತದೆ.