ಎಲೆಯ ಲೆಕ್ಕ, ಕಡತದ ಲೆಕ್ಕ

ಮುಂಗಾರು ಕೈಕೊಟ್ಟ ಒಂದು ವರ್ಷ ಬಯಲುಸೀಮೆಯ ತಾಲ್ಲೂಕೊಂದರಲ್ಲಿ ಬೆಳೆಹಾನಿಯ ವರದಿ ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ನಮೂನೆಯಲ್ಲಿ ಎಕರೆಗೆ ಎಷ್ಟು ಕ್ವಿಂಟಲ್ ಎಂಬ ಕಾಲಂ ಇತ್ತು; ಎಷ್ಟು ನೀರಿಗೆ ಎಷ್ಟು ಕಾಳು ಎಂಬುದಕ್ಕೆ ಜಾಗವಿರಲಿಲ್ಲ. ಯಾವ ಸಂಪನ್ಮೂಲ ವಿರಳವೋ ಅದರ ಮೇಲೆ ಲೆಕ್ಕ ಕಟ್ಟಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಅದನ್ನು ಓದಿಯೂ ಆ ಕೊರತೆ ನನಗೆ ಆಗ ಹೊಳೆಯಲಿಲ್ಲ. ಸುತ್ತಲಿನ ಖುಷ್ಕಿ ಹೊಲಗಳ ರಾಗಿ ಮಾತ್ರ ಆ ಪಾಠವನ್ನು ಪಾಲಿಸುತ್ತಲೇ ಇತ್ತು.

ದ್ಯುತಿಸಂಶ್ಲೇಷಣೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಪತ್ರಹರಿತ್ತು ಬೆಳಕನ್ನು ಹೀರುತ್ತದೆ. ಆ ಶಕ್ತಿಯಿಂದ ನೀರಿನ ಅಣು ಒಡೆದು ಆಮ್ಲಜನಕ ಹೊರಬೀಳುತ್ತದೆ. ಎಟಿಪಿ ಮುಂತಾದ ಸಂಯುಕ್ತಗಳಲ್ಲಿ ಕೂಡಿಟ್ಟ ಶಕ್ತಿ ಇಂಗಾಲದ ಡೈ ಆಕ್ಸೈಡನ್ನು ಸಕ್ಕರೆಯಾಗಿಸುತ್ತದೆ. ಪಾಠದಲ್ಲಿ ಒತ್ತಿ ಹೇಳದಿರುವುದು ಇದರ ವೆಚ್ಚವನ್ನು. ಆ ಅನಿಲ ಒಳಬರಲು ಎಲೆ ತನ್ನ ರಂಧ್ರಗಳನ್ನು ತೆರೆಯಬೇಕು. ತೆರೆದೊಡನೆ ನೀರು ಆವಿಯಾಗಿ ಹೊರಡುತ್ತದೆ. ಭತ್ತ, ಗೋಧಿಗಳಂಥ ಸಸ್ಯಗಳು ಆ ಅನಿಲದ ಒಂದು ಅಣುವಿಗೆ ಸುಮಾರು 400ರಿಂದ 500 ನೀರಿನ ಅಣುಗಳನ್ನು ತೆರುತ್ತವೆ. ಸಾಲದುದಕ್ಕೆ, ಅದನ್ನು ಹಿಡಿಯಬೇಕಾದ ರುಬಿಸ್ಕೊ ಎಂಬ ಕಿಣ್ವ ಆಗಾಗ ತಪ್ಪಿ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಬಿಸಿಲೇರಿದಂತೆ ಈ ಸೋರಿಕೆ ಹೆಚ್ಚು.

ರಾಗಿ, ಜೋಳ, ಸಜ್ಜೆಗಳ ದಾರಿ ಬೇರೆ. ಆಸ್ಟ್ರೇಲಿಯಾದಲ್ಲಿ ಕಬ್ಬಿನ ಎಲೆಯನ್ನು ಅಭ್ಯಸಿಸಿದ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ವಿವರಿಸಿದ ಈ ದಾರಿಗೆ ಸಿ4 ಎಂದು ಹೆಸರು. ಹೊರಗಿನ ಕೋಶಗಳು ಇಂಗಾಲವನ್ನು ಮೊದಲು ನಾಲ್ಕು ಇಂಗಾಲದ ಆಮ್ಲವಾಗಿ ಹಿಡಿದು, ಎಲೆಯ ನರಗಳ ಸುತ್ತಲಿನ ಕೋಶಗಳಿಗೆ ಸಾಗಿಸುತ್ತವೆ. ಅಲ್ಲಿ ಇಂಗಾಲದ ಡೈ ಆಕ್ಸೈಡ್ ದಟ್ಟವಾಗಿರುವುದರಿಂದ ರುಬಿಸ್ಕೊ ತಪ್ಪುವುದು ಅಪರೂಪ. ಸಾಗಣೆಗೆ ಹೆಚ್ಚಿನ ಶಕ್ತಿ ಬೇಕು, ನಿಜ. ಆದರೆ ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೇನು ಬರ? ರಂಧ್ರವನ್ನು ಕಿರಿದಾಗಿಸಿಕೊಂಡೇ ಎಲೆ ದುಡಿಯುತ್ತದೆ. ನೀರಿನ ವೆಚ್ಚ ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಹೇರಳವಾದುದನ್ನು ವ್ಯಯಿಸಿ ವಿರಳವಾದುದನ್ನು ಉಳಿಸುವ ವ್ಯವಹಾರವಿದು.

ಇದೇ ಯಂತ್ರವನ್ನು ಭತ್ತದೊಳಗೆ ಕೂರಿಸುವ ಅಂತರರಾಷ್ಟ್ರೀಯ ಯೋಜನೆಯೊಂದು 2008ರಲ್ಲಿ ಆರಂಭವಾಯಿತು. ಅದು ಫಲಿಸಲಿ. ಆದರೆ ಆ ಯಂತ್ರವನ್ನು ಹುಟ್ಟಿನಿಂದಲೇ ಪಡೆದ ಬೆಳೆ ನಮ್ಮಲ್ಲಿದೆ. ಭಾರತೀಯ ಮತ್ತು ಆಫ್ರಿಕನ್ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದ ಲಕ್ಷ್ಮಣಯ್ಯನವರೂ ನಮ್ಮವರೇ.

ಕಬ್ಬೂ ಸಿ4 ಅಲ್ಲವೇ, ಅದೇಕೆ ನಾಲೆಗಳನ್ನು ಬರಿದುಮಾಡುತ್ತದೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದು ವರ್ಷವಿಡೀ ನೆಲದಲ್ಲಿರುವ ಬೆಳೆ. ರಾಗಿಗೆ ನಾಲ್ಕು ತಿಂಗಳು ಸಾಕು. ಭತ್ತದ ಗದ್ದೆಯಲ್ಲೂ ಎಲ್ಲ ನೀರು ಎಲೆಯಿಂದಲೇ ಹೋಗುವುದಿಲ್ಲ. ನಿಂತ ನೀರು ಇಂಗುವುದೂ ಆರುವುದೂ ಬಹಳ. ಅಂದರೆ ಎಲೆಯ ಮಿತವ್ಯಯವೊಂದೇ ಸಾಲದು, ಹೊಲದ ಲೆಕ್ಕವೂ ಬೇಕು.

ಆ ಲೆಕ್ಕವೇ ನಮ್ಮಲ್ಲಿ ತಪ್ಪಿರುವುದು. ಎಲೆ ಪ್ರತಿ ಹನಿಗೂ ಬೆಲೆ ತೆರುತ್ತದೆ. ಉಚಿತ ವಿದ್ಯುತ್ತಿನಿಂದ ಕೊಳವೆಬಾವಿಯ ನೀರೆತ್ತುವವನಿಗೆ ಮುಂದಿನ ಹನಿಗೆ ಬೆಲೆಯೇ ಇಲ್ಲ. ರೈತನನ್ನು ದೂರಿ ಫಲವಿಲ್ಲ, ದರ ನಿಗದಿ ಮಾಡಿದವರು ನಾವು. ವಿದ್ಯುತ್ ಸಬ್ಸಿಡಿಯನ್ನು ಕಿತ್ತುಕೊಳ್ಳಿ ಎನ್ನುವುದಿಲ್ಲ. ಅದರ ಒಂದು ಪಾಲನ್ನು, ಬಳಸದೆ ಉಳಿಸಿದ ನೀರಿಗೆ ಪ್ರತಿಫಲವಾಗಿ ಖುಷ್ಕಿ ಬೆಳೆಗಾರನಿಗೆ ಕೊಡಬಹುದು. ಅದಕ್ಕೂ ಮೊದಲು, ಯಾವ ಹೊಸ ಕಾನೂನೂ ಬೇಡದ ಸಣ್ಣ ಕೆಲಸವೊಂದಿದೆ: ಬೆಳೆ ಅಂಕಿಅಂಶದ ನಮೂನೆಗೆ, ಎಕರೆಯ ಇಳುವರಿಯ ಪಕ್ಕದಲ್ಲಿ, ನೀರಿನ ಇಳುವರಿಯ ಕಾಲಂ ಒಂದನ್ನು ಸೇರಿಸುವುದು.