ಲುಂಗಿ, ಗಿಟಾರು ಮತ್ತು ಅಟ್ಟದ ಮೇಲಿನ ಹಲಗೆ



ಹುಲಿಕಲ್ಲಿನ ಮಳೆಯಲ್ಲಿ ಹಲಗೆ ಬಾರಿಸೋದು ಸುಲಭದ ಮಾತಲ್ಲ. ಚರ್ಮ ತೇವ ಕುಡಿದು ಸಡಿಲಾಗುತ್ತೆ, ದನಿ ಸತ್ತುಹೋಗುತ್ತೆ. ಬೆಂಕಿಗೆ ಹಿಡಿದು ಕಾಯಿಸಬೇಕು, ಬಾರಿಸಬೇಕು, ಮತ್ತೆ ಕಾಯಿಸಬೇಕು. ಇದನ್ನು ಕಲಿಸುವ ಶಾಲೆ ನಮ್ಮ ಕಡೆ ಇರಲಿಲ್ಲ. ನಮ್ಮಜ್ಜ ಅವರಪ್ಪನಿಂದ ಕಲಿತ. ನಮ್ಮಪ್ಪ ಕಲಿಯಲಿಲ್ಲ. ಸತ್ತವರ ಮನೆಗೆ, ಜಾತ್ರೆಗೆ, ಕರೆದಲ್ಲಿಗೆ ಓಡಿ ಅಂಗಳದ ಆಚೆ ನಿಂತು ಬಾರಿಸಿ, ಉಳಿದ ಅನ್ನ ತಂದು ತಿನ್ನೋದು ಸಾಕು ಅಂತ ಹಲಗೆಯನ್ನು ಅಟ್ಟಕ್ಕೆ ಎಸೆದ. ನಾನು ಹಾಸ್ಟೆಲ್ಲಿಗೆ ಬಂದೆ.

ಈಗ ಯಾಕೆ ಈ ಮಾತು ಅಂದ್ರೆ, ನಮ್ಮ ಹಾಸ್ಟೆಲ್ಲಿನ ಹುಡುಗರು ಒಂದು ಬ್ಯಾಂಡು ಕಟ್ಟಬೇಕು ಅಂತ ಹೊರಟಿದ್ದಾರೆ. ಎರವಲು ಗಿಟಾರು ಒಂದು ಸಿಕ್ಕಿದೆ. ಯಾವ ಹಾಡು ಅಂದಾಗ ಎಲ್ಲರ ಬಾಯಲ್ಲೂ ರಘು ದೀಕ್ಷಿತ್. ಹಲಗೆಯನ್ನೂ ತರೋಣ ಅಂತ ಒಬ್ಬ ಅಂದದ್ದೇ ತಡ, ರೂಮು ಎರಡು ಭಾಗವಾಯ್ತು. "ಮತ್ತೆ ಅದನ್ನೇ ಕೈಗೆ ಕೊಡ್ತೀಯೇನೋ?" ಅಂತ ಒಬ್ಬ ಎದ್ದೇ ಹೋದ.

ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅವರು 2010ರಲ್ಲಿ ಬಿಬಿಸಿ ಟೆಲಿವಿಷನ್ನಿನಲ್ಲಿ ಹಾಡಿದರು, ಇಂಗ್ಲೆಂಡಿನ ಜನ ಕಿವಿಗೊಟ್ಟರು. ಆತನ ಗಂಟಲಿಗೆ ತಾಕತ್ತಿದೆ, ಅದನ್ನು ಅಲ್ಲಗಳೆಯೋದು ಹೊಟ್ಟೆಕಿಚ್ಚು ಅಷ್ಟೇ. ಆದರೆ ಅವರು ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಗೆ ಬಂದರೆ ಸೀಟಿ ಹೊಡೀತಾರೆ. ನಮ್ಮ ಚಿಕ್ಕಪ್ಪ ಅದೇ ಲುಂಗಿಯಲ್ಲಿ ಒಂದು ಕಚೇರಿಗೆ ಹೋಗಿ, ಬಾಗಿಲಾಚೆ ಅರ್ಧ ದಿನ ನಿಂತು ವಾಪಸ್ ಬಂದ. ಇದು ಹಾಡುಗಾರನ ತಪ್ಪಲ್ಲ. ಬಟ್ಟೆ ಅದೇ, ಮೈ ಯಾರದು ಅಂತ ನೋಡೋ ಕಣ್ಣಿನ ತಪ್ಪು.

ಅವರು ಹಾಡೋದು ಶಿಶುನಾಳ ಶರೀಫರನ್ನು. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಮುಸಲ್ಮಾನ ಹುಡುಗ, ಬ್ರಾಹ್ಮಣ ಗುರು ಗೋವಿಂದಭಟ್ಟರ ಜೊತೆ ಊರೂರು ತಿರುಗಿದ. ಎರಡೂ ಕಡೆಯವರು ಉರಿದುಬಿದ್ದರು ಅಂತ ಕತೆಗಳಿವೆ. ಆ ಪದಗಳು ಹುಟ್ಟಿದ್ದು ಅಂಥ ಬಾಳಿನಿಂದ. ಕ್ಯಾಸೆಟ್ಟಿನ ಕಾಲದಲ್ಲಿ ಸಿ. ಅಶ್ವಥ್ ಅವನ್ನು ಮನೆಮನೆಗೆ ಮುಟ್ಟಿಸಿದರು, ಆಮೇಲೆ ಗಿಟಾರು ಬಂತು. ಇವತ್ತು 'ಗುಡುಗುಡಿ' ಅಂದರೆ ಬರೀ ಹುಕ್ಕ ಅಂದುಕೊಂಡು ಕುಣಿಯೋರೇ ಹೆಚ್ಚು. ಜಾನಪದ ಅನ್ನೋ ಮಾತಿಗೆ ಈಗ ಭಾರೀ ಬೆಲೆ. ಜಾನಪದದೊಳಗಿನ ಜಾತಿಯ ಮಾತೆತ್ತಿದರೆ ಮಾತ್ರ ಮುಖ ತಿರುಗಿಸ್ತಾರೆ.

ಹಾಗಾದರೆ ಬೇರೆ ದಾರಿ ಇಲ್ವಾ? ಚೆನ್ನೈ ಕಡೆ ನೋಡಿ. 2018ರ ಜನವರಿಯಲ್ಲಿ ಕಿಲ್ಪಾಕ್‌ನಲ್ಲಿ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಅನ್ನೋ ತಂಡ ಮೊದಲ ಬಾರಿಗೆ ವೇದಿಕೆ ಹತ್ತಿತು. ಸಿನಿಮಾ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ್ದು, ಹತ್ತೊಂಬತ್ತು ಜನ. ಹೆಸರಿನ ಹಿಂದೆ ಪಂಡಿತ ಅಯೋತ್ತಿ ದಾಸರ 'ಜಾತಿಯಿಲ್ಲದ ತಮಿಳರು' ಅನ್ನೋ ವಿಚಾರ. ಉತ್ತರ ಚೆನ್ನೈನ ಕೇರಿಗಳಲ್ಲಿ ಸಾವಿನ ಮನೆ ಮುಂದೆ ಹಾಡುತ್ತಿದ್ದ ಗಾನಾ, ಪರೈ, ಜೊತೆಗೆ ರಾಕು, ರ‍್ಯಾಪು. ಹಾಡಿನ ವಸ್ತು ಏನು? ಮೀಸಲಾತಿ, ದನದ ಮಾಂಸ, ಅಂಬೇಡ್ಕರ್. ಹಾಸ್ಟೆಲ್ಲಿನಲ್ಲಿ ನಾವು ಪಿಸುಗುಟ್ಟೋದನ್ನು ಅವರು ಮೈಕಿನಲ್ಲಿ ಹಾಡಿದರು. ಗಾನಾ ಗಂಡಸರದ್ದು ಅಂದವರ ಎದುರು ಇಸೈವಾಣಿ ನಿಂತು ಹಾಡಿದಳು. ನಮ್ಮ ಬ್ಯಾಂಡಿನ ಪಟ್ಟಿಯಲ್ಲಿ ಹುಡುಗಿಯರ ಹೆಸರು ಒಂದೂ ಇಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ.

ಇದೇನೂ ತಮಿಳರಿಂದ ಎರವಲು ತರಬೇಕಾದ ಬುದ್ಧಿಯಲ್ಲ. 'ಹೊಲೆಮಾದಿಗರ ಹಾಡು' 1975ರಲ್ಲೇ ಬಂತು. ಸಿದ್ದಲಿಂಗಯ್ಯನವರ ಹಾಡುಗಳು ಜಾಥಾದಲ್ಲಿ ಹಲಗೆ, ತಮಟೆ ಜೊತೆಗೇ ನಡೆದವು. ಪುಸ್ತಕ ಕಾಣದವರೂ ಹಾಡಿದರು. ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರು ಸಂಘಟನೆ ಕಟ್ಟಿದ ಕಾಲ ಅದು. ಅಂದರೆ ಊರಿನವರ ಚಾಕರಿಗೆ ಬಾರಿಸೋದನ್ನು ಬಿಟ್ಟ ಕೈಗಳೇ ಮೆರವಣಿಗೆಯಲ್ಲಿ ಬಾರಿಸಿದವು. ಎರಡೂ ಒಂದೇ ಅಲ್ಲ.

ಎದ್ದುಹೋದ ಗೆಳೆಯನ ಸಿಟ್ಟು ನನಗೆ ಅರ್ಥವಾಗುತ್ತೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ಒಬ್ಬರ ಎದೆಗೆ ಪದಕ ಬಿದ್ದ ಮಾತ್ರಕ್ಕೆ ನಮ್ಮೂರಲ್ಲಿ "ಬಾರೋ, ಬಾರ್ಸು" ಅನ್ನೋ ಬಾಯಿ ಮುಚ್ಚಲಿಲ್ಲ. ಅದಕ್ಕೇ ನನ್ನ ಅಭಿಪ್ರಾಯ: ಹಲಗೆ ಬರಲಿ, ಆದರೆ ನಮ್ಮ ಕರಾರಿನ ಮೇಲೆ. ವೇದಿಕೆ ಕೆಳಗಲ್ಲ, ಗಿಟಾರಿನ ಪಕ್ಕ. ಬಾರಿಸೋನ ಹೆಸರು ಪೋಸ್ಟರಿನಲ್ಲಿ ಹಾಡುವವನ ಹೆಸರಿನಷ್ಟೇ ದಪ್ಪಗೆ. ಹೊರಗಿನ ಕಾರ್ಯಕ್ರಮವಾದರೆ ಎಲ್ಲರಿಗೂ ಒಂದೇ ದುಡ್ಡು. ಮಂತ್ರಿಗಳ ಸ್ವಾಗತಕ್ಕೆ, ಕಾರಿನ ಮುಂದೆ ಕುಣಿಯೋಕೆ ಕರೆದರೆ ಹೋಗೋದಿಲ್ಲ. ರಘು ದೀಕ್ಷಿತರ ಹಾಡು ಬೇಕಾದರೆ ಒಂದು ಹಾಡೋಣ, ತಪ್ಪೇನಿಲ್ಲ. ಉಳಿದವನ್ನು ನಾವೇ ಬರೆಯೋಣ. ಸ್ಕಾಲರ್‌ಶಿಪ್ಪಿನ ಮೇಲೆ ಬರೆದರೂ ಒಂದು ಆಲ್ಬಮ್ಮಿಗೆ ಸಾಕಾಗುತ್ತೆ!

ಫೈಬರಿನ ಹಲಗೆ ಕೊಂಡರೆ ಮಳೆಗಾಲದಲ್ಲಿ ಕಾಯಿಸೋ ತಾಪತ್ರಯ ಇಲ್ಲ ಅಂತಾರೆ. ಇರಬಹುದು. ನಮ್ಮಜ್ಜನದು ಇನ್ನೂ ಅಟ್ಟದ ಮೇಲಿದೆ, ಒಂದು ಕಡೆ ಇಲಿ ಕಡಿದಿದೆ. ದೀಪಾವಳಿ ರಜಕ್ಕೆ ಹೋದಾಗ ಇಳಿಸಿ, ಹೊಸ ಚರ್ಮ ಹಾಕಿಸಿ ತರೋಣ ಅಂತಿದ್ದೀನಿ. ಮೊದಲು ಅಪ್ಪನನ್ನು ಕೇಳಬೇಕು.