ಮನೆಯ ಹುಂಜ ಸಾಲದೆ?

ಮೀನು ಹಿಡಿಯುವವರಲ್ಲಿ ಒಂದು ಪಂಗಡವಿದೆ. ಅವರು ಎರೆಹುಳು ಮುಟ್ಟುವುದಿಲ್ಲ. ಗಾಳಕ್ಕೆ ಗರಿ, ಕೂದಲು, ಉಣ್ಣೆ ಸುತ್ತಿ ಹುಳುವಿನಂಥ ಒಂದು ಬೊಂಬೆ ಕಟ್ಟುತ್ತಾರೆ. ಅದಕ್ಕೆ ಫ್ಲೈ ಎಂದು ಹೆಸರು. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಇವರೊಳಗೆ ಬಹುಕಾಲದ ಜಗಳವೊಂದಿದೆ: ಹಕ್ಕಿಯ ಗರಿ ಮೇಲೋ, ನೈಲಾನು ಪಾಲಿಯೆಸ್ಟರು ಮೇಲೋ? ಗರಿಯ ಪಕ್ಷದವರದು ಮಡಿವಂತರ ಧಾಟಿ. ಗರಿಗೆ ನೀರಿನಲ್ಲಿ ಜೀವ ಬರುತ್ತದಂತೆ, ಪ್ಲಾಸ್ಟಿಕ್ಕು ಹೆಣವಂತೆ.

ಮಲೆನಾಡಿನವನಾದ ನನಗೇಕೆ ಈ ಪರದೇಶದ ಜಗಳ ಎಂದು ನೀವು ಕೇಳಬಹುದು. ಅದರಲ್ಲಿ ನಮ್ಮ ಕಾಡುಕೋಳಿಯ ಕೊರಳಿದೆ, ಅದಕ್ಕೆ. ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಹುಂಜದ ಕುತ್ತಿಗೆಗರಿಗಳ ಮೇಲೆ ಅರಗು ತೊಟ್ಟಿಕ್ಕಿದ ಹಾಗೆ ಹಳದಿ ಬಿಳಿ ಚುಕ್ಕೆಗಳಿರುತ್ತವೆ. ಸಾಲ್ಮನ್ ಮೀನಿಗೆ ಕಟ್ಟುವ ಹಳೆಯ ಫ್ಲೈಗಳ ಕೆನ್ನೆಗೆ ಅದೇ ಆಗಬೇಕು. 1895ರಲ್ಲಿ ಬಂದ ಜಾರ್ಜ್ ಕೆಲ್ಸನ್ನನ 'ದಿ ಸಾಲ್ಮನ್ ಫ್ಲೈ' ಈ ಪಂಥಕ್ಕೆ ವೇದ. ಗರಿ ವ್ಯಾಪಾರ ಎಷ್ಟು ಅತಿಯಾಯಿತೆಂದರೆ, 1902ರಲ್ಲಿ ಬ್ರಿಟಿಷ್ ಸರ್ಕಾರವೇ ಇಲ್ಲಿಂದ ಕಾಡುಹಕ್ಕಿಗಳ ಗರಿ, ಚರ್ಮ ಸಾಗಿಸುವುದನ್ನು ನಿಷೇಧಿಸಬೇಕಾಯಿತು.

ತಮಾಷೆಯೆಂದರೆ, ಮೊಟ್ಟೆಯಿಡಲು ಸಮುದ್ರದಿಂದ ಹೊಳೆಗೆ ಮರಳಿದ ಸಾಲ್ಮನ್ ಆಹಾರವನ್ನೇ ತಿನ್ನುವುದಿಲ್ಲ. ಉಪವಾಸದ ಮೀನಿಗೆ ಭಕ್ಷ್ಯದ ರುಚಿಭೇದ ಹೇಳುವ ಪಂಡಿತರು ಇವರು!

ಈ ಮಡಿ ಎಲ್ಲಿಗೆ ಮುಟ್ಟಿತು ನೋಡಿ. 2009ರ ಜೂನಿನಲ್ಲಿ ಎಡ್ವಿನ್ ರಿಸ್ಟ್ ಎಂಬ ಅಮೆರಿಕದ ಸಂಗೀತ ವಿದ್ಯಾರ್ಥಿ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಮ್ಮಿಗೆ ಕನ್ನ ಹಾಕಿ 299 ಹಕ್ಕಿಗಳನ್ನು ಕದ್ದ. ಫ್ಲೈ ಕಟ್ಟುವುದರಲ್ಲಿ ನಿಸ್ಸೀಮನೀತ. ಅವುಗಳಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಕಾಡು ಅಲೆದು ತಂದವೂ ಇದ್ದವು. ಮರಳಿ ಸಿಕ್ಕವುಗಳಲ್ಲಿ ಎಷ್ಟೋ ಹಕ್ಕಿಗಳ ಕಾಲಿಗೆ ಚೀಟಿಯೇ ಇರಲಿಲ್ಲ. ಎಲ್ಲಿ, ಯಾವಾಗ ಹಿಡಿದದ್ದೆಂದು ತಿಳಿಯದ ಹಕ್ಕಿ ವಿಜ್ಞಾನಕ್ಕೆ ಬರೀ ಗರಿಯ ಕಂತೆ.

ಈಗ ಸಾಕಿದ ಕಾಡುಕೋಳಿಯ ಗರಿಯೇ ಸಿಗುತ್ತದಲ್ಲ ಎನ್ನುತ್ತಾರೆ. ಸಿಗುತ್ತದೆ. ಆದರೆ ಆ ಚಪಲ ಇರುವವರೆಗೆ ಕಳ್ಳಮಾಲಿಗೂ ಗಿರಾಕಿ ಇದ್ದೇ ಇರುತ್ತಾನೆ.

ಹಾಗೆಂದು ನಾನು ಪ್ಲಾಸ್ಟಿಕ್ಕಿನ ವಕೀಲನಲ್ಲ. ಅದರಿಂದ ಹಕ್ಕಿಯ ಕೊರಳು ಉಳಿಯಿತು, ನಿಜ. ಆದರೆ ದಾರ ಹರಿದು ಹೊಳೆಯ ಪಾಲಾದ ಗರಿ ಕೊಳೆತು ಮಣ್ಣಾಗುತ್ತದೆ, ಪಾಲಿಯೆಸ್ಟರು ಚೂರುಚೂರಾಗಿ ಅಲ್ಲೇ ಉಳಿಯುತ್ತದೆ. ಹೊಳೆಯ ಮೇಲಿನ ಪ್ರೀತಿ ಎಂದು ಹೇಳಿಕೊಂಡು ಹೊಳೆಗೇ ಕಸ ಬಿಡುವುದು ಯಾವ ನ್ಯಾಯ?

ನೈಸರ್ಗಿಕವೋ ಕೃತಕವೋ ಎಂಬ ಪ್ರಶ್ನೆಯೇ ತಪ್ಪು. ಕೇಳಬೇಕಾದದ್ದು, ಇದಕ್ಕಾಗಿ ಯಾವುದನ್ನು ಕೊಂದಿರಿ, ಆಮೇಲೆ ಏನನ್ನು ಬಿಟ್ಟುಹೋದಿರಿ ಎಂದು. ಇಂಗ್ಲೆಂಡಿನ ಏವನ್ ಹೊಳೆಯ ಕಾವಲುಗಾರ ಫ್ರಾಂಕ್ ಸಾಯರ್, ಅಲ್ಲಿನವರು ಬೇಟೆಯಾಡಿ ತಿನ್ನುವ ಫೆಸೆಂಟ್ ಹಕ್ಕಿಯ ಬಾಲದ ಗರಿಯನ್ನು ತಾಮ್ರದ ತಂತಿಯಿಂದ ಸುತ್ತಿ ಒಂದು ಫ್ಲೈ ಮಾಡಿದ. ದಾರವೂ ಬೇಡವಾಯಿತು. ಕಾಲುಚೀಲಕ್ಕೆ ತೇಪೆ ಹಾಕುವ ಉಣ್ಣೆಯಿಂದ ಇನ್ನೊಂದು ಮಾಡಿದ. ಎರಡನ್ನೂ ಲೋಕದ ಮೀನುಗಾರರು ಇಂದಿಗೂ ಕಟ್ಟುತ್ತಾರೆ, ಎರಡಕ್ಕೂ ಮೀನು ಬೀಳುತ್ತದೆ.

ನೀರ ಮೇಲೆ ತೇಲುವ ಫ್ಲೈಗೆ ಮನೆಯ ಹುಂಜದ ಕುತ್ತಿಗೆಗರಿ ಧಾರಾಳವಾಗಿ ಸಾಕು. ಸಾರಿಗೆ ಕೊಯ್ದ ಮೇಲೆ ಅದು ತಿಪ್ಪೆಗೆ ಹೋಗುವ ವಸ್ತು. ಅದೂ ಸಾಲದು ಎನ್ನುವವನಿಗೆ ಬೇಕಾಗಿರುವುದು ಮೀನಲ್ಲ.